ಹೆಚ್ಚಿನ ಅಕ್ಕಿ ಬೇಡ ಅಂದಾಕಿ: ನಮ್ಮ ಲಿಂಗಸುಗೂರಿನ ಆಯ್ದಕ್ಕಿ ಲಕ್ಕಮ್ಮ

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ರಜೆಗೆ ಊರಿಗೆ ಹೋಗುವಾಗ ನಾವು ಈ ದಾರಿಯನ್ನು ಎಷ್ಟು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇವೋ ಲೆಕ್ಕ ಇಲ್ಲ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಹಸಿರು ಗದ್ದೆ, ಸಾಲು ಸಾಲು ಅಕ್ಕಿ ಮಿಲ್ಲು. ಮಸ್ಕಿಯಲ್ಲಿ ಬಂಡೆಗಲ್ಲಿನ ಗುಡ್ಡ. ಲಿಂಗಸುಗೂರು ತಾಲ್ಲೂಕಿಗೆ ಬಂದರೆ ಗುರುಗುಂಟಾ, ಅಮರೇಶ್ವರ, ಹಟ್ಟಿ ಚಿನ್ನದ ಗಣಿ. ಕಾಲೇಜಿನಲ್ಲಿ ಯಾರಾದರೂ "ನಿಮ್ಮ ಕಡೆ ಏನೈತಿ?" ಅಂತ ಕೇಳಿದರೆ ನಾವು "ಬಿಸಿಲು" ಅಂತ ನಕ್ಕು ಸುಮ್ಮನಾಗುತ್ತೇವೆ. ಈ ಸಲ ಸುಮ್ಮನಾಗೋದು ಬೇಡ ಅನ್ನಿಸಿತು. ನಮ್ಮ ಕಡೆ ಒಬ್ಬ ಬರಹಗಾರ್ತಿ ಇದ್ದಳು. ಸುಮಾರು 850 ವರ್ಷದ ಹಿಂದೆ. ಹೆಸರು ಆಯ್ದಕ್ಕಿ ಲಕ್ಕಮ್ಮ.

ಹೆಸರು ಕೇಳದವರು ಕಡಿಮೆ. ನಾವೂ ಶಾಲೆಯಲ್ಲಿ ಕೇಳಿದ್ದೆವು. ಭಾಷಣ ಸ್ಪರ್ಧೆಯಲ್ಲಿ ಆಕೆಯನ್ನು ಆದರ್ಶ ಗೃಹಿಣಿ, ಗಂಡನಿಗೆ ತಕ್ಕ ಹೆಂಡತಿ ಅಂತ ಹೊಗಳಿ ಬಹುಮಾನ ತಗೊಂಡವರೂ ನಮ್ಮಲ್ಲಿದ್ದಾರೆ. ಆಮೇಲೆ ಆಕೆಯ ವಚನಗಳನ್ನು ಒಂದೊಂದಾಗಿ ಕೂತು ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ಆಕೆ ಗಂಡನ ಮಾತಿಗೆ ತಲೆಯಾಡಿಸಿದವಳಲ್ಲ, ಗಂಡನನ್ನು ತಡೆದು ನಿಲ್ಲಿಸಿದವಳು. ತಾನು ನಂಬಿದ ಚಳವಳಿಯ ದೊಡ್ಡ ನಾಯಕನ ಮೇಲೂ ಅನುಮಾನ ಪಟ್ಟವಳು. ಒಪ್ಪದ ಸಮಾಜದ ನಡುವೆ ನಿಂತು, ತನ್ನವರ ನಡುವೆಯೂ ಬೇಡ ಅನ್ನುವ ಧೈರ್ಯ ಇದ್ದವಳು. ಆ ಲಕ್ಕಮ್ಮನನ್ನು ಈ ಲೇಖನದಲ್ಲಿ ಪರಿಚಯ ಮಾಡಿಕೊಡಬೇಕು ಅನ್ನೋದು ನಮ್ಮ ಆಸೆ.

ಅಮರೇಶ್ವರದಿಂದ ಕಲ್ಯಾಣಕ್ಕೆ

ಲಕ್ಕಮ್ಮ ಮತ್ತು ಆಕೆಯ ಗಂಡ ಮಾರಯ್ಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಗುರುಗುಂಟಾ ಹತ್ತಿರದ ಅಮರೇಶ್ವರ ದೇವಸ್ಥಾನದ ಜಾತ್ರೆಗೆ ನಮ್ಮಲ್ಲಿ ಹೋಗದವರು ಯಾರಿದ್ದಾರೆ? ಆ ಊರ ದೇವರ ಹೆಸರೇ ಇಬ್ಬರ ವಚನಗಳ ಅಂಕಿತದಲ್ಲೂ ಇದೆ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಊರು ಬಿಟ್ಟು ಹೋದರೂ ಊರನ್ನು ಸಹಿಯಲ್ಲಿ ಹೊತ್ತುಕೊಂಡು ಹೋದವರು ಇವರು.

ಹೋದದ್ದು ಕಲ್ಯಾಣಕ್ಕೆ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ. ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಕೃಷ್ಣೆ, ಭೀಮೆ ಎರಡನ್ನೂ ದಾಟಬೇಕು. 12ನೇ ಶತಮಾನದ ನಡುಭಾಗ. ಚಾಲುಕ್ಯರ ಸಿಂಹಾಸನವನ್ನು ಕಳಚುರಿ ಬಿಜ್ಜಳ ಹಿಡಿದಿದ್ದ ಕಾಲ. ಅವನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನ ಸುತ್ತ ಹೊಸ ಜನ ಸೇರುತ್ತಿದ್ದರು. ಸೇರಿದವರು ಯಾರು ಅಂತ ನೋಡಿದರೆ ಆ ಕಾಲದ ಸಮಾಜ ಯಾಕೆ ಮುಖ ಸಿಂಡರಿಸಿತು ಅಂತ ತಾನೇ ಗೊತ್ತಾಗುತ್ತದೆ. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಹೀಗೆ ಹೆಸರಿನಲ್ಲೇ ಕಸುಬು ಇದ್ದವರು. ಹೆಣ್ಣುಮಕ್ಕಳಲ್ಲಿ ಕದಿರ ರೆಮ್ಮವ್ವೆ ನೂಲು ತೆಗೆಯುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಸೂಳೆ ಸಂಕವ್ವ ತನ್ನ ಕಸುಬಿನ ಹೆಸರನ್ನೂ ಮುಚ್ಚಿಡದವಳು. ವಚನ ಬರೆದ ಹೆಂಗಸರೇ 30ಕ್ಕೂ ಹೆಚ್ಚು ಜನ ಸಿಗುತ್ತಾರೆ.

ಅವತ್ತಿನ ವಿದ್ಯೆ ಅಂದರೆ ಸಂಸ್ಕೃತ, ಅಗ್ರಹಾರ, ದೇವಸ್ಥಾನದ ಒಳಗಿನ ಮಾತು. ದುಡಿಯುವ ಗಂಡಸಿಗೇ ಅಲ್ಲಿ ಜಾಗ ಇಲ್ಲದಿದ್ದ ಮೇಲೆ ದುಡಿಯುವ ಹೆಂಗಸಿನ ಮಾತು ದೂರವೇ ಉಳಿಯಿತು. ಅಂಥಾದ್ರಲ್ಲಿ ಇವರು ಮನೆಯಲ್ಲಿ ಆಡುವ ಕನ್ನಡದಲ್ಲೇ ದೇವರ ಬಗ್ಗೆ, ದುಡ್ಡಿನ ಬಗ್ಗೆ, ಗಂಡ ಹೆಂಡತಿಯ ಬಗ್ಗೆ ವಚನ ಹೇಳಲು ಶುರು ಮಾಡಿದರು. ಅದೂ ಹೇಳಿದ ಮೇಲೆ ಅದರಂತೆ ಬದುಕಲೂ ಹೊರಟರು. ವಿವಾದ ಅಲ್ಲಿಂದಲೇ ಹುಟ್ಟಿತು.

ಚೆಲ್ಲಿದ ಅಕ್ಕಿಯ ಲೆಕ್ಕ

ಈ ದಂಪತಿಯ ಕಾಯಕ ಅಕ್ಕಿ ಆಯುವುದು. ಶರಣರ ಮನೆಗಳ ಅಂಗಳದಲ್ಲಿ, ತಿಪ್ಪೆಯ ಬದಿಯಲ್ಲಿ, ಅಳೆಯುವಾಗ ಕೇರುವಾಗ ಚೆಲ್ಲಿ ಹೋದ ಅಕ್ಕಿಯನ್ನು ಮಾರಯ್ಯ ಕಾಳು ಕಾಳಾಗಿ ಆರಿಸಿ ತರುತ್ತಿದ್ದ. ಅದನ್ನು ಲಕ್ಕಮ್ಮ ಹಸನು ಮಾಡಿ ಅಡುಗೆ ಮಾಡಿ, ಬಂದ ಜಂಗಮರಿಗೆ ಬಡಿಸಿ, ಉಳಿದದ್ದರಲ್ಲಿ ತಾವು ಉಣ್ಣುತ್ತಿದ್ದರು. ಇದನ್ನು ಭಿಕ್ಷೆ ಅಂತ ತಿಳಿಯಬಾರದು. ಯಾರ ಮುಂದೆಯೂ ಕೈ ಚಾಚುವ ಪ್ರಶ್ನೆ ಅಲ್ಲಿರಲಿಲ್ಲ. ಬಿದ್ದು ಹಾಳಾಗುವ ಕಾಳಿಗೆ ತಮ್ಮ ಬೆನ್ನು ಬಗ್ಗಿಸಿದ ದುಡಿಮೆ ಸೇರಿಸಿ ಅನ್ನ ಮಾಡುತ್ತಿದ್ದರು.

ಸಿಂಧನೂರಿನ ಗೆಳೆಯರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇವತ್ತು ನಮ್ಮ ತಾಲ್ಲೂಕು ಅಂದರೆ ಭತ್ತ. ಮಿಲ್ಲಿನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗುಬ್ಬಿ ಕೂಡ ಪೂರ್ತಿ ತಿಂದು ಮುಗಿಸುವುದಿಲ್ಲ. ಆದರೆ ಈ ಹಸಿರು 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ನಿಲ್ಲಿಸಿದ ಮೇಲೆ, ಕಾಲುವೆ ಬಂದ ಮೇಲೆ ಆದದ್ದು. ಅದಕ್ಕೂ ಮುಂಚೆ ಇದು ಜೋಳದ ಸೀಮೆ. ನಮ್ಮ ಅಜ್ಜಿಯರ ಬಾಯಲ್ಲಿ ಅಕ್ಕಿ ಅಂದರೆ ಹಬ್ಬದ ಊಟ, ಬೀಗರು ಬಂದಾಗಿನ ಊಟ. ಬಿಳಿ ಜೋಳದ ನಾಡಿನಿಂದ ಹೋದ ಹೆಣ್ಣುಮಗಳಿಗೆ ಒಂದೊಂದು ಕಾಳು ಅಕ್ಕಿಯ ಬೆಲೆ ಚೆನ್ನಾಗಿ ಗೊತ್ತಿದ್ದಿರಬೇಕು. ಅಷ್ಟು ಬೆಲೆಯ ವಸ್ತುವನ್ನೇ ಆಕೆ ಒಂದು ದಿನ ಬೇಡ ಅಂದಳು. ಅಲ್ಲಿಂದಲೇ ಆಕೆಯ ಕಥೆ ಶುರುವಾಗುತ್ತದೆ.

ಎರಡು ಜಗಳ

ಲಕ್ಕಮ್ಮನ ಬದುಕಿನ ಎರಡು ಪ್ರಸಂಗ ಎಲ್ಲರ ಬಾಯಲ್ಲಿ ಉಳಿದಿವೆ. ಎರಡೂ ಗಂಡ ಹೆಂಡತಿಯ ನಡುವಿನ ಮಾತುಕತೆ.

ಮೊದಲನೆಯದು. ಮಾರಯ್ಯ ದೊಡ್ಡ ವಿಚಾರವಂತ. ಕಾಯಕದಲ್ಲಿ ಮುಳುಗಿದವನು ಗುರು ಎದುರು ಬಂದರೂ, ಲಿಂಗಪೂಜೆಯ ಹೊತ್ತಾದರೂ ಅದನ್ನು ಮರೆಯಬೇಕು ಎಂಬರ್ಥದ ವಚನ ಅವನದೇ. ನಾವೆಲ್ಲ ಬಸವಣ್ಣನದು ಅಂತ ತಿಳಿದು ಬೋರ್ಡಿನ ಮೇಲೆ ಬರೆಯುವ, ಕಾಯಕವನ್ನೇ ಕೈಲಾಸ ಅನ್ನುವ ಆ ಪ್ರಸಿದ್ಧ ಮಾತು ಸಿಗುವುದೂ ನಮ್ಮ ಲಿಂಗಸುಗೂರಿನ ಈ ಮಾರಯ್ಯನ ಅದೇ ವಚನದಲ್ಲಿ. ಅಂಥವನೇ ಒಂದು ದಿನ ಅಲ್ಲಮಪ್ರಭು ಜೊತೆ ಚರ್ಚೆಗೆ ಕೂತು ಅಕ್ಕಿ ಆಯುವುದನ್ನೇ ಮರೆತ. ಕಾಯಕದ ಬಗ್ಗೆ ಮಾತಾಡುತ್ತಾ ಕಾಯಕ ಬಿಟ್ಟ! ಲಕ್ಕಮ್ಮ ಬಂದು ಅವನನ್ನು ಎಬ್ಬಿಸಿದಳು. ಕೆಲಸ ನಿಂತಿದೆ, ಬೇಗ ಹೋಗು ಅಂತ ಹೇಳಿದಳು. ದೊಡ್ಡವರ ಸಭೆ, ಗಂಡಸರ ತತ್ವಚರ್ಚೆ, ನಡುವೆ ಹೆಂಗಸು ಮಾತಾಡಬಾರದು ಅನ್ನುವ ಲೆಕ್ಕ ಆಕೆಗಿರಲಿಲ್ಲ. ಅಸೈನ್‌ಮೆಂಟ್ ಬಿಟ್ಟು ಕ್ಯಾಂಟೀನಿನಲ್ಲಿ ದೇಶೋದ್ಧಾರದ ಚರ್ಚೆ ಮಾಡುವ ನಮಗೆ ಈ ಪ್ರಸಂಗ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಇನ್ನೂ ಖಡಕ್ಕು. ಎದ್ದು ಹೋದ ಮಾರಯ್ಯ ಬಸವಣ್ಣನ ಅಂಗಳದಲ್ಲಿ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಅವರನ್ನು ಪರೀಕ್ಷಿಸಲೆಂದೇ, ಇಲ್ಲವೇ ಅವರ ಬಡತನಕ್ಕೆ ಮರುಗಿ, ಬಸವಣ್ಣ ಬೇಕಂತಲೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದ ಅಂತ ಕಥೆ ಹೇಳುವವರು ಹೇಳುತ್ತಾರೆ. ಬೇರೆ ಮನೆಯಲ್ಲಾದರೆ ಇವತ್ತು ಸ್ವಲ್ಪ ಜಾಸ್ತಿ ಸಿಕ್ಕಿತಲ್ಲ ಅಂತ ಖುಷಿಯಾಗುತ್ತಿತ್ತು. ಲಕ್ಕಮ್ಮ ಮಡಿಲು ನೋಡಿದಳು, ಅಳತೆ ಮೀರಿದ್ದು ಕಂಡಳು, ಒಳಗೆ ಇಳಿಸಿಕೊಳ್ಳಲಿಲ್ಲ. ಆಸೆ ಪಡುವುದು ಅರಸರ ಗುಣ, ನಮಗೆ ಯಾಕೆ ಅಂತ ಕೇಳಿದಳು. ಇದು ನಿಮ್ಮ ಮನಸ್ಸಿನ ಆಸೆಯೋ, ಬಸವಣ್ಣನ ಅನುಮಾನವೋ ಅಂತ ಕೇಳಿದಳು. ತಂದಲ್ಲೇ ವಾಪಸ್ ಹಾಕಿ ಬರಲು ಹೇಳಿದಳು. ಮಾರಯ್ಯ ಹೋದ.

ಇಲ್ಲಿ ಬಸವಣ್ಣನ ಹೆಸರು ಬಂದಿದ್ದನ್ನು ಗಮನಿಸಿ. ಆಗ ಕಲ್ಯಾಣದಲ್ಲಿ ಬಸವಣ್ಣ ಅಂದರೆ ಮಂತ್ರಿ, ಭಂಡಾರಿ, ಸಾವಿರಾರು ಜನರ ಅಣ್ಣ. ಲಕ್ಕಮ್ಮನಿಗೂ ಅವನ ಮೇಲೆ ಅಪಾರ ಗೌರವ. ಆದರೂ ಅವನ ಉಪಕಾರವನ್ನು ಆಕೆ ಅನುಮಾನದಿಂದ ನೋಡಿದಳು. ದೊಡ್ಡ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರೂ, ನನ್ನ ದುಡಿಮೆಯ ಅಳತೆ ಮೀರಿ ಬಂದದ್ದು ನನಗೆ ಸಲ್ಲುವುದಿಲ್ಲ ಅನ್ನೋದು ಆಕೆಯ ಲೆಕ್ಕ. ನಾವು ಬಡವರು ಅಂತ ಕನಿಕರಪಟ್ಟು ಕೊಡಲು ಬರಬೇಡಿ ಎಂಬ ಧಾಟಿಯ ವಚನವೂ ಆಕೆಯದಿದೆ. ಮನಸ್ಸು ಶುದ್ಧ ಇಲ್ಲದವನಿಗೆ ಮಾತ್ರ ಬಡತನ, ಚಿತ್ತಶುದ್ಧಿಯಿಂದ ದುಡಿಯುವವನಿಗೆ ನೋಡಿದಲ್ಲೆಲ್ಲ ಲಕ್ಷ್ಮಿ ಅಂತ ಇನ್ನೊಂದರಲ್ಲಿ ಹೇಳುತ್ತಾಳೆ. ಬಡತನವನ್ನು ಹೊಗಳಿದ ಮಾತಲ್ಲ ಇದು. ಬಡವ ಅನ್ನುವ ಹಣೆಪಟ್ಟಿಯನ್ನು ಕಿತ್ತು ಬಿಸಾಕಿದ ಮಾತು.

ಗಂಡನ ಹೆಸರು ಹಿಡಿದು ಕರೆದಾಕಿ

ನಮ್ಮ ಕಡೆ ಈಗಲೂ ಹಳ್ಳಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಹೇಳಲೇಬೇಕು ಅಂತ ಎಲ್ಲರೂ ಕಾಡಿದರೆ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ನಾಚಿಕೊಂಡು ಹೇಳುತ್ತಾರೆ. ಲಕ್ಕಮ್ಮ 12ನೇ ಶತಮಾನದಲ್ಲೇ ವಚನದ ಕೊನೆಗೆ ಮಾರಯ್ಯಾ ಅಂತ ನೇರವಾಗಿ ಕೂಗುತ್ತಾಳೆ. ಕೆಲವೊಮ್ಮೆ ಬನ್ನಿ ಅಂತ ಬಹುವಚನ, ಕೆಲವೊಮ್ಮೆ ಹೋಗು ಅಂತ ಏಕವಚನ. ಪ್ರೀತಿಯೂ ಇದೆ, ಸಲಿಗೆಯೂ ಇದೆ, ಗದರಿಕೆಯೂ ಇದೆ.

ಅಂಕಿತದಲ್ಲಿ ಗಂಡನ ಹೆಸರಿದೆಯಲ್ಲ, ಹಾಗಾದರೆ ಆಕೆ ಗಂಡನ ನೆರಳಲ್ಲೇ ಬರೆದಳು ಅಂತ ವಾದಿಸಬಹುದು. ನಮ್ಮ ಗುಂಪಿನಲ್ಲೂ ಈ ವಾದ ನಡೆಯಿತು. ಅದಕ್ಕೆ ಉತ್ತರ ಆಕೆಯ ಇನ್ನೊಂದು ವಚನದಲ್ಲಿದೆ. ಅದರ ಸಾರ ಇಷ್ಟು: ಗಂಡ ಹೆಂಡತಿ ಅನ್ನೋದು ದೇಹದ ಕೂಟಕ್ಕೆ ಇಟ್ಟ ಹೆಸರು, ಅರಿವಿಗೆ ಬೇರೆ ಬೇರೆ ಒಡಲಿಲ್ಲ. ಜ್ಞಾನಕ್ಕೆ ಗಂಡು ಹೆಣ್ಣು ಅಂತ ಇಲ್ಲ ಅಂತ ಬೇರೆ ಶರಣರೂ ಹೇಳಿದ್ದಾರೆ. ಆದರೆ ಲಕ್ಕಮ್ಮ ಅದನ್ನು ಹೇಳಿದ್ದು ಸಭೆಗೆ ಅಲ್ಲ, ತನ್ನ ಗಂಡನಿಗೆ, ತನ್ನ ಮನೆಯಲ್ಲಿ. ಹಾಗೆ ಹೇಳೋದು ಹೆಚ್ಚು ಕಷ್ಟ ಅಲ್ವಾ?

ಮಾರಯ್ಯನನ್ನೂ ಇಲ್ಲಿ ಮೆಚ್ಚಬೇಕು. ಹೆಂಡತಿ ತಿದ್ದಿದಳು ಅಂತ ಅವನು ಮೀಸೆ ತಿರುವಲಿಲ್ಲ. ಮುಂದೆ ಅವನಿಗೆ ಕೈಲಾಸದ ಹಂಬಲ ಬಂದಾಗಲೂ ದಾರಿ ತೋರಿಸಿದ್ದು ಆಕೆಯೇ. ಮಾಡುವ ಕೆಲಸ ಕೈಯಲ್ಲಿರುವಾಗ ಬೇರೆ ಪದವಿ ಹುಡುಕುವುದು ಯಾಕೆ, ದಾಸೋಹ ಬಿಟ್ಟು ಕೈಲಾಸದ ಆಸೆ ಯಾಕೆ ಅನ್ನುವುದು ಆಕೆಯ ನಿಲುವು. ಸತ್ತ ಮೇಲಿನ ಸ್ವರ್ಗದ ಆಸೆ ತೋರಿಸಿಯೇ ನಡೆಯುತ್ತಿದ್ದ ಧಾರ್ಮಿಕ ವ್ಯವಹಾರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಪುಣ್ಯವನ್ನೂ ಕೂಡಿಡುವ ಹೆಚ್ಚಿನ ಅಕ್ಕಿ ಅಂತಲೇ ಆಕೆ ನೋಡಿದ ಹಾಗಿದೆ.

ಕಲ್ಯಾಣ ಸುಟ್ಟ ಮೇಲೆ

ಹೀಗೆ ಬದುಕಿದವರನ್ನು ಆ ಸಮಾಜ ಹೆಚ್ಚು ದಿನ ಸಹಿಸಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಸಂಪ್ರದಾಯಸ್ಥರು ಮಹಾಪರಾಧ ಮಾಡಿದರು, ಹರಳಯ್ಯ ಮಧುವರಸರಿಗೆ ಕ್ರೂರ ಶಿಕ್ಷೆಯಾಯಿತು ಅಂತ ಶರಣರ ಕಥನಗಳು ಹೇಳುತ್ತವೆ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಕಲ್ಯಾಣ ಗಲಭೆಯಲ್ಲಿ ಬೆಂದಿತು, ಶರಣರು ಉಳವಿ ಕಡೆಗೆ, ಬೇರೆ ಬೇರೆ ದಿಕ್ಕಿಗೆ ಚದುರಿದರು. ಅವರ ಜೊತೆ ವಚನದ ಓಲೆಗಳೂ ಚದುರಿದವು.

ಸುಮಾರು ಎರಡೂವರೆ ಶತಮಾನದ ನಂತರ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚದುರಿದ್ದನ್ನು ಕೂಡಿಸುವ ದೊಡ್ಡ ಕೆಲಸ ಶುರುವಾಯಿತು. 15ನೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಹಿಡಿದು ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ವರು ಶೂನ್ಯಸಂಪಾದನೆಯನ್ನು ಒಬ್ಬರ ನಂತರ ಒಬ್ಬರು ಪರಿಷ್ಕರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ವರ್ಷನ್. ವಚನಗಳನ್ನು ಸಂಭಾಷಣೆಯ ಹಾಗೆ ಜೋಡಿಸಿ ಕಟ್ಟಿದ ಗ್ರಂಥ ಅದು. ಆಯ್ದಕ್ಕಿ ಮಾರಯ್ಯನ ಸಂಪಾದನೆ ಅಂತ ಅದರಲ್ಲಿ ಒಂದು ಭಾಗವಿದೆ. ಹೆಸರು ಮಾರಯ್ಯನದು. ಆದರೆ ಓದಿದವರಿಗೆ ಗೊತ್ತು, ಅಲ್ಲಿ ಪಾಠ ಹೇಳುವವಳು ಲಕ್ಕಮ್ಮ, ಕೇಳುವವನು ಮಾರಯ್ಯ.

ಆಮೇಲೆ ಓಲೆಯ ಕಟ್ಟುಗಳು ಮಠ ಮನೆಗಳ ಜಗುಲಿ ಸೇರಿದವು. ಕುಂಕುಮ ಹಚ್ಚಿ ಪೂಜೆ ಮಾಡಿದರು, ಬಿಚ್ಚಿ ಓದುವವರು ಕಡಿಮೆಯಾದರು. ಒಪ್ಪಲಾಗದ ಮಾತನ್ನು ಸುಮ್ಮನಿರಿಸಲು ಸುಡಲೇಬೇಕು ಅಂತಿಲ್ಲ, ಪೂಜೆ ಮಾಡಿದರೂ ಸಾಕು. ಈ ಕಟ್ಟುಗಳನ್ನು ಊರೂರು ತಿರುಗಿ ಹುಡುಕಿದವರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964). 1923ರಲ್ಲಿ ಅವರ ವಚನಶಾಸ್ತ್ರಸಾರ ಅಚ್ಚಾಯಿತು. ಮನೆ ಮಾರಿ ಸ್ವಂತ ಪ್ರೆಸ್ ಹಾಕಿದ ಮನುಷ್ಯ ಅವರು. ವಕೀಲಿಕೆಯ ಸಂಪಾದನೆಯನ್ನೂ ಅದಕ್ಕೇ ಸುರಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಾಗ ಶಿವಶರಣೆಯರ ವಚನಗಳಿಗೇ ಒಂದು ಸಂಪುಟ ಸಿಕ್ಕಿತು. ಲಕ್ಕಮ್ಮನವು ಇವತ್ತು ಸಿಗುವುದು ಸುಮಾರು 25 ವಚನ. ಒಂದು ಸಂಜೆ ಕೂತರೆ ಓದಿ ಮುಗಿಯುವಷ್ಟು.

ಮಸ್ಕಿಯ ಬಂಡೆ, ಲಕ್ಕಮ್ಮನ ಓಲೆ

ಮಸ್ಕಿಯ ಗೆಳೆಯರಿಗೆ ತಮ್ಮ ಊರಿನ ಶಾಸನದ ಬಗ್ಗೆ ಹೆಮ್ಮೆ, ಇರಲೇಬೇಕು. 1915ರಲ್ಲಿ ಚಿನ್ನದ ಗಣಿಗಾರಿಕೆಯ ಇಂಜಿನಿಯರ್ ಸಿ. ಬೀಡನ್, ಅಂದರೆ ನಮ್ಮ ಕಸುಬಿನವನೇ, ಆ ಬಂಡೆಯ ಬರಹವನ್ನು ಬೆಳಕಿಗೆ ತಂದ. ದೇವಾನಾಂಪ್ರಿಯ ಅನ್ನುವ ರಾಜ ಅಶೋಕನೇ ಅಂತ ಗಟ್ಟಿಯಾಗಲು ಆ ಶಾಸನದಲ್ಲಿದ್ದ ಹೆಸರೇ ಕಾರಣವಾಯಿತು. ಆ ಶಾಸನದ ಒಳಗಿನ ಮಾತೂ ದೊಡ್ಡದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ ಎಂಬುದು ಅದರ ಸಾರ.

ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಚಕ್ರವರ್ತಿಯೊಬ್ಬ ಮೇಲಿನಿಂದ ಕೆಳಗೆ ನೋಡಿ ಸಣ್ಣವರಿಗೂ ಸಾಧ್ಯ ಅಂದ. ಸುಮಾರು 1400 ವರ್ಷದ ಮೇಲೆ, ಅದೇ ಸೀಮೆಯಿಂದ ಹೋದ ಅಕ್ಕಿ ಆಯುವ ಹೆಂಗಸು ನಾನು ಸಣ್ಣವಳೇ ಅಲ್ಲ ಅಂದಳು. ರಾಜನ ಮಾತು ಬಂಡೆಯ ಮೇಲೆ ಇತ್ತು, ಉಳಿಯಿತು. ಆಕೆಯ ಮಾತು ಇದ್ದದ್ದು ಹುಳ ತಿನ್ನುವ, ಬೆಂಕಿಗೆ ಉರಿಯುವ ಓಲೆಯ ಮೇಲೆ. ಯಾರೋ ಮಡಿಲಲ್ಲಿ ಕಟ್ಟಿಕೊಂಡು ಓಡಿದ್ದರಿಂದ, ಯಾರೋ ಮತ್ತೆ ಮತ್ತೆ ನಕಲು ಮಾಡಿದ್ದರಿಂದ ಉಳಿಯಿತು.

ಇನ್ನು ನಮ್ಮ ಮಾತು. ನಾವು ಎಂಟು ಸೆಮಿಸ್ಟರ್ ಮುಗಿಸಿ ಪ್ಯಾಕೇಜಿನ ಸಾಲಿನಲ್ಲಿ ನಿಲ್ಲುವವರು. ಹೆಚ್ಚು ಸಂಬಳ ಬೇಡ ಅಂತ ಯಾರೂ ಹೇಳುವುದಿಲ್ಲ, ಹೇಳಬೇಕು ಅಂತಲೂ ನಾವು ಉಪದೇಶ ಮಾಡೋದಿಲ್ಲ. ಮನೆಯಲ್ಲಿ ಸಾಲ ಇದೆ, ತಂಗಿಯ ಓದು ಇದೆ, ಅಪ್ಪನ ಹೊಲಕ್ಕೆ ಕಾಲುವೆಯ ಕೊನೆಯ ನೀರು ಸರಿಯಾಗಿ ಮುಟ್ಟುವುದಿಲ್ಲ. ಲಕ್ಕಮ್ಮನೂ ದುಡಿಯಬೇಡ ಅನ್ನಲಿಲ್ಲ. ದಿನಾ ದುಡಿ ಅಂದಳು. ಆಕೆ ಕೇಳಿದ್ದು ಬೇರೆ ಪ್ರಶ್ನೆ. ಇದು ನಿನ್ನ ದುಡಿಮೆಯ ಪಾಲೋ, ಯಾರೋ ಬೇಕಂತ ಚೆಲ್ಲಿದ್ದೋ? ಗೆಳೆಯನ ಪ್ರಾಜೆಕ್ಟಿಗೆ ನಮ್ಮ ಹೆಸರು ಸೇರಿಸಿಕೊಳ್ಳುವಾಗ, ಬರೆಯದ ಕೋಡನ್ನು ನಮ್ಮದು ಅಂತ ತೋರಿಸುವಾಗ, ಮದುವೆಯ ಮಾತುಕತೆಯಲ್ಲಿ ಹುಡುಗನ ಡಿಗ್ರಿಗೆ ರೇಟು ಕಟ್ಟಿ ಬಂಗಾರ ಕೇಳುವಾಗ, ಈ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಲಕ್ಕಮ್ಮ ನಿಂತು ಮಡಿಲು ನೋಡಿದರೆ ನಮ್ಮಲ್ಲಿ ಎಷ್ಟು ಜನ ಒಳಗೆ ಹೋದೇವು?

ಅದಕ್ಕೇ ಆಕೆಯನ್ನು ಬರೀ ಆದರ್ಶ ಗೃಹಿಣಿ ಅಂತ ಹೊಗಳಿ ಮುಗಿಸಿದ್ದೇವೆ ಅನ್ನಿಸುತ್ತದೆ. ಹಾಗೆ ಹೊಗಳಿದರೆ ಆಕೆಯ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ ನೋಡ್ರಿ.

ಮುಂದಿನ ಸಲ ಊರಿಗೆ ಹೋದಾಗ ಅಮರೇಶ್ವರದ ಕಡೆ ಹೋಗಿ ಬನ್ನಿ. ಲೈಬ್ರರಿಯಲ್ಲಿ ಶಿವಶರಣೆಯರ ವಚನ ಸಂಪುಟ ಸಿಕ್ಕರೆ ಆ 25 ವಚನ ಒಮ್ಮೆ ಓದಿ. ಆಮೇಲೆ ಯಾರಾದರೂ ನಿಮ್ಮ ಕಡೆ ಏನೈತಿ ಅಂತ ಕೇಳಿದರೆ ಬಿಸಿಲು ಅನ್ನುವ ಮುಂಚೆ ಈ ಹೆಣ್ಣುಮಗಳ ಹೆಸರು ಹೇಳಿ.